ಒಂದೇ ಚುನಾವಣೆ ಕಂಡ ಎರಡು ಕ್ಷೇತ್ರಗಳು: ಬೆಳಗಾವಿ ಉತ್ತರ, ಬೆಳಗಾವಿ ದಕ್ಷಿಣ

ಬೆಳಗಾವಿಯ ಮೊದಲ ಲೋಕಸಭಾ ಸದಸ್ಯರು ಯಾರು? ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಬಲವಂತ ನಾಗೇಶ ದಾತಾರ. ಉತ್ತರ ತಪ್ಪಲ್ಲ, ಆದರೆ ಅರ್ಧ. ಯಾಕೆಂದರೆ 1952ರಲ್ಲಿ ಬೆಳಗಾವಿ ಎಂಬ ಹೆಸರಿನ ಲೋಕಸಭಾ ಕ್ಷೇತ್ರವೇ ಇರಲಿಲ್ಲ. ಇದ್ದದ್ದು ಬೆಳಗಾವಿ ಉತ್ತರ ಮತ್ತು ಬೆಳಗಾವಿ ದಕ್ಷಿಣ ಎಂಬ ಎರಡು ಕ್ಷೇತ್ರ. ಉತ್ತರದಿಂದ ದಾತಾರರು ಗೆದ್ದರು, ದಕ್ಷಿಣದಿಂದ ಶಂಕರಗೌಡ ವೀರನಗೌಡ ಪಾಟೀಲರು. ಇಬ್ಬರೂ ಕಾಂಗ್ರೆಸ್ಸಿನವರು. ಐದು ವರ್ಷ ಕಳೆದು ಎರಡನೇ ಮಹಾಚುನಾವಣೆ ಬರುವಷ್ಟರಲ್ಲಿ ಈ ಎರಡೂ ಕ್ಷೇತ್ರಗಳು ಇರಲಿಲ್ಲ. ಒಂದೇ ಮಹಾಚುನಾವಣೆ ಕಂಡು ಕಾಣೆಯಾದವು.

ಮುಂದೆ ಹೋಗುವ ಮುಂಚೆ ಒಂದು ಗೊಂದಲ ಬಿಡಿಸಿಕೊಳ್ಳೋಣ. ಈಗಲೂ ಬೆಳಗಾವಿಯಲ್ಲಿ ಉತ್ತರ, ದಕ್ಷಿಣ ಎಂಬ ಕ್ಷೇತ್ರಗಳಿವೆಯಲ್ಲ ಎಂದು ಓದುಗರು ಕೇಳಬಹುದು. ಇವೆ, ಆದರೆ ಅವು ವಿಧಾನಸಭಾ ಕ್ಷೇತ್ರಗಳು. 2008ರ ಚುನಾವಣೆಯ ಹೊತ್ತಿಗೆ ಹುಟ್ಟಿದ ಇವು ಬೆಳಗಾವಿ ನಗರಕ್ಕೆ ಸೇರಿದವು. 1952ರ ಉತ್ತರ ಮತ್ತು ದಕ್ಷಿಣ ಇಡೀ ಜಿಲ್ಲೆಯನ್ನೇ ಸೀಳಿದ ಹೋಳುಗಳು. ಹೆಸರು ಒಂದೇ ಆದರೂ ಸಂಬಂಧ ಏನೂ ಇಲ್ಲ. ಹಳೆಯ ಫಲಿತಾಂಶ ಹುಡುಕುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಒಂದು ಲೋಕಸಭಾ ಕ್ಷೇತ್ರ ಹುಟ್ಟುವುದು ಹೇಗೆ, ಅಳಿಯುವುದು ಹೇಗೆ? ಅಭ್ಯರ್ಥಿ ಸೋತರೆ, ಪಕ್ಷ ಮುಳುಗಿದರೆ ಕ್ಷೇತ್ರಕ್ಕೆ ಏನೂ ಆಗುವುದಿಲ್ಲ. ಅದನ್ನು ಹುಟ್ಟಿಸುವುದೂ ಅಳಿಸುವುದೂ ಮೂರು ಸಂಗತಿಗಳು: ಜನಸಂಖ್ಯೆ, ರಾಜ್ಯದ ಗಡಿ, ಮೀಸಲಾತಿ. ಬೆಳಗಾವಿ ಜಿಲ್ಲೆ ಈ ಮೂರನ್ನೂ ಒಂದಾದ ಮೇಲೊಂದರಂತೆ ಕಂಡಿದೆ. ಹಾಗಾಗಿ ಕ್ಷೇತ್ರ ವಿಂಗಡಣೆ ಎಂದರೇನು ಎಂದು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಿಲ್ಲೆ ಸಿಗುವುದು ಕಷ್ಟ.

ಮೊದಲು ಜನಸಂಖ್ಯೆ. ಸಂವಿಧಾನದ 81ನೇ ವಿಧಿ ಆಗ ಹೇಳುತ್ತಿದ್ದ ಲೆಕ್ಕ ಹೀಗಿತ್ತು: ಪ್ರತಿ ಏಳೂವರೆ ಲಕ್ಷ ಜನರಿಗೆ ಕನಿಷ್ಠ ಒಬ್ಬ ಸದಸ್ಯ ಇರಬೇಕು, ಪ್ರತಿ ಐದು ಲಕ್ಷಕ್ಕೆ ಒಬ್ಬರಿಗಿಂತ ಹೆಚ್ಚು ಇರಬಾರದು. ಹತ್ತು ಲಕ್ಷ ದಾಟಿದ ಬೆಳಗಾವಿಯಂಥ ಜಿಲ್ಲೆ ಒಬ್ಬ ಸದಸ್ಯನಿಗೆ ದೊಡ್ಡದಾಯಿತು. ಹಾಗಾಗಿ ಎರಡು ಹೋಳು. ಪಕ್ಕದ ವಿಜಯಪುರ ಜಿಲ್ಲೆಗೂ ಇದೇ ಲೆಕ್ಕ ಬಿದ್ದು ವಿಜಯಪುರ ಉತ್ತರ, ವಿಜಯಪುರ ದಕ್ಷಿಣ ಆದವು. ಧಾರವಾಡವೂ ಉತ್ತರ, ದಕ್ಷಿಣವಾಯಿತು. ಕಾರವಾರದ ಕಡೆ ಮಾತ್ರ ಕೆನರಾ ಎಂಬ ಒಂದೇ ಕ್ಷೇತ್ರ. ನಾಲ್ಕು ಜಿಲ್ಲೆಗೆ ಏಳು ಸ್ಥಾನ. ಏಳನ್ನೂ ಕಾಂಗ್ರೆಸ್ ಗೆದ್ದಿತು. ಈ ಏಳೂ ಸ್ಥಾನಗಳು ಮುಂಬಯಿ ರಾಜ್ಯದ ಲೆಕ್ಕದಲ್ಲಿದ್ದವು, ಮೈಸೂರಿನ ಲೆಕ್ಕದಲ್ಲಲ್ಲ. ಆಗ ಮುಂಬಯಿ ರಾಜ್ಯಕ್ಕೆ ಲೋಕಸಭೆಯಲ್ಲಿ 45 ಸ್ಥಾನ. ಕನ್ನಡದ ಈ ಏಳು ಅದರೊಳಗಿನ ಒಂದು ಮೂಲೆ. ಬೆಳಗಾವಿಯ ಮತದಾರ ಆರಿಸಿದ ಸಂಸದ ದಿಲ್ಲಿಗೆ ಹೋದರೆ, ಶಾಸಕ ಹೋಗುತ್ತಿದ್ದದ್ದು ಮುಂಬಯಿಗೆ.

ಈ ಗೆರೆ ಎಳೆದವರು ಯಾರು? ಇಲ್ಲೊಂದು ಮುಖ್ಯ ಸಂಗತಿ ಇದೆ, ಬಹಳ ಜನ ಗಮನಿಸುವುದಿಲ್ಲ. ಮೊದಲ ಚುನಾವಣೆಗೆ ಕ್ಷೇತ್ರ ವಿಂಗಡಿಸಲು ಸ್ವತಂತ್ರ ಆಯೋಗ ಇರಲೇ ಇಲ್ಲ. 1950ರ ಜನಪ್ರತಿನಿಧಿ ಕಾಯ್ದೆಯ ಪ್ರಕಾರ ರಾಷ್ಟ್ರಪತಿಗಳ ಆದೇಶದಿಂದ ಕ್ಷೇತ್ರಗಳು ನಿಗದಿಯಾದವು. ಕರಡು ತಯಾರಿಸಿದ್ದು ಚುನಾವಣಾ ಆಯೋಗ, ಆದರೆ ಆದೇಶ ಸಂಸತ್ತಿನ ಮುಂದೆ ಬಂದಾಗ ಅದನ್ನು ತಿದ್ದುವ ಅಧಿಕಾರ ಸದಸ್ಯರಿಗಿತ್ತು, ಅವರು ತಿದ್ದಿದರು ಕೂಡ. ನಾಳೆ ತಾವೇ ಸ್ಪರ್ಧಿಸುವ ಕ್ಷೇತ್ರದ ಎಲ್ಲೆಯನ್ನು ತಾವೇ ತಿದ್ದುವುದು ಎಷ್ಟು ಸರಿ ಎಂಬ ಪ್ರಶ್ನೆ ಆಗಲೇ ಎದ್ದಿತು. ಮೇಲಾಗಿ 1951ರ ಜನಗಣತಿಯ ಅಂತಿಮ ಅಂಕಿ ಇನ್ನೂ ಕೈಸೇರಿರಲಿಲ್ಲ. ಅಂದಾಜು ಜನಸಂಖ್ಯೆಯ ಮೇಲೆಯೇ ಗೆರೆ ಎಳೆಯಬೇಕಾಯಿತು. ಹೀಗಾಗಿ ಬೆಳಗಾವಿ ಉತ್ತರ, ದಕ್ಷಿಣ ಹುಟ್ಟುವಾಗಲೇ ತಾತ್ಕಾಲಿಕ. ಜನಗಣತಿ ಮುಗಿದ ಮೇಲೆ ಕ್ಷೇತ್ರಗಳನ್ನು ಮತ್ತೆ ಹೊಂದಿಸಬೇಕೆಂದು ಸಂವಿಧಾನವೇ ಹೇಳಿತ್ತು. ಅವು ಅಲ್ಪಾಯುಷಿಗಳಾದದ್ದು ಆಕಸ್ಮಿಕ ಎನ್ನುವವರನ್ನು ನಾನು ಒಪ್ಪುವುದಿಲ್ಲ. ರಾಜ್ಯದ ಗಡಿ ಬದಲಾಗದಿದ್ದರೂ ಅವುಗಳ ರೂಪ ಹಾಗೆಯೇ ಉಳಿಯುವ ಖಾತರಿ ಇರಲಿಲ್ಲ.

ಆ ಒಂದು ಚುನಾವಣೆಯನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಈಗಿನ ಮತಯಂತ್ರ ಬಿಡಿ, ಆಗ ಮತಪತ್ರಕ್ಕೆ ಮುದ್ರೆ ಒತ್ತುವ ಪದ್ಧತಿಯೂ ಇರಲಿಲ್ಲ. ಪ್ರತಿ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಆ ಅಭ್ಯರ್ಥಿಯ ಚಿಹ್ನೆಯ ಚೀಟಿ. ಮತದಾರನ ಕೈಗೆ ಒಂದು ರೂಪಾಯಿ ನೋಟಿನಷ್ಟು ಅಳತೆಯ ಮತಪತ್ರ ಕೊಡುತ್ತಿದ್ದರು. ಅದರ ಮೇಲೆ ಯಾರ ಹೆಸರೂ ಇಲ್ಲ, ಚಿಹ್ನೆಯೂ ಇಲ್ಲ. ಅದು ಅಚ್ಚಾಗಿದ್ದು ನಾಸಿಕದ ಸರಕಾರಿ ಮುದ್ರಣಾಲಯದಲ್ಲಿ. ಮರೆಗೆ ಹೋಗಿ ತನಗೆ ಬೇಕಾದ ಚಿಹ್ನೆಯ ಪೆಟ್ಟಿಗೆಯೊಳಗೆ ಅದನ್ನು ಹಾಕಿ ಬಂದರೆ ಮುಗಿಯಿತು. ಕಾಂಗ್ರೆಸ್ಸಿನದು ಜೋಡೆತ್ತಿನ ಪೆಟ್ಟಿಗೆ. ಎತ್ತು ಕಟ್ಟಿಯೇ ಬದುಕುವ ಸೀಮೆಯಲ್ಲಿ ಆ ಚಿಹ್ನೆ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಲೋಕಸಭೆಗೊಂದು, ವಿಧಾನಸಭೆಗೊಂದು ಮತ ಇದ್ದದ್ದರಿಂದ ಪೆಟ್ಟಿಗೆಗಳ ಸಾಲು ಎರಡು ಪಟ್ಟು. ಮತಪತ್ರದ ಮೇಲೆ ಗುರುತು ಮಾಡುವ ಪದ್ಧತಿ ಮಹಾಚುನಾವಣೆಗೆ ಬಂದದ್ದು 1962ರಲ್ಲಿ. ಅಷ್ಟರಲ್ಲಿ ಬೆಳಗಾವಿ ಉತ್ತರ, ದಕ್ಷಿಣ ಎರಡೂ ಕಡತ ಸೇರಿದ್ದವು.

ಮತ ಹಾಕಿದವರಲ್ಲಿ ಇನ್ನೊಂದು ಬಗೆಯ ಜನ ಇದ್ದರು. ರಾಮದುರ್ಗ, ಜಮಖಂಡಿ, ಮುಧೋಳ ಇವೆಲ್ಲ 1948ರವರೆಗೆ ಸಂಸ್ಥಾನಗಳು. ರಾಮದುರ್ಗ ಬೆಳಗಾವಿ ಜಿಲ್ಲೆಗೆ ಸೇರಿತು, ಜಮಖಂಡಿ ಮತ್ತು ಮುಧೋಳ ಆಗಿನ ವಿಜಯಪುರ ಜಿಲ್ಲೆಗೆ ಸೇರಿದವು. ನಾಲ್ಕು ವರ್ಷದ ಹಿಂದೆ ಅರಸರ ಪ್ರಜೆಗಳಾಗಿದ್ದವರು 21 ತುಂಬಿದ್ದರೆ ಸಾಕು, ಗಂಡಸಾಗಲಿ ಹೆಂಗಸಾಗಲಿ, ಸಾಲಿನಲ್ಲಿ ನಿಂತು ದಿಲ್ಲಿಗೆ ಸದಸ್ಯನನ್ನು ಕಳಿಸಿದರು. ಜಮಖಂಡಿ ಸಂಸ್ಥಾನದ ಆಡಳಿತದಲ್ಲಿದ್ದ ಬಿ.ಡಿ. ಜತ್ತಿಯವರು ಇದೇ ದಾರಿಯಲ್ಲಿ ಮುಂಬಯಿ ವಿಧಾನಸಭೆಗೆ ಹೋದವರು. ಮುಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿ, ಆಮೇಲೆ ದೇಶದ ಉಪರಾಷ್ಟ್ರಪತಿ ಆದರು.

ಇನ್ನು ರಾಜ್ಯದ ಗಡಿ. 1953ರ ಡಿಸೆಂಬರಿನಲ್ಲಿ ಫಜಲ್ ಅಲಿ, ಕೆ.ಎಂ. ಪಣಿಕ್ಕರ್, ಹೃದಯನಾಥ ಕುಂಜ್ರು ಅವರ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. 1955ರ ಸೆಪ್ಟೆಂಬರಿನಲ್ಲಿ ವರದಿ ಬಂತು, ಮರುವರ್ಷ ಕಾಯ್ದೆ ಆಯಿತು. 1956ರ ನವೆಂಬರ್ 1ರಂದು ವಿಜಯಪುರ, ಧಾರವಾಡ, ಕೆನರಾ ಜಿಲ್ಲೆಗಳು ಮೈಸೂರಿಗೆ ಬಂದವು. ಬೆಳಗಾವಿ ಜಿಲ್ಲೆಯೂ ಬಂತು, ಆದರೆ ಇಡಿಯಾಗಿ ಅಲ್ಲ. ಕಾಯ್ದೆಯ ಮಾತು ಸ್ಪಷ್ಟ: ಚಂದಗಡ ತಾಲೂಕು ಬಿಟ್ಟು ಬೆಳಗಾವಿ ಜಿಲ್ಲೆ. ಚಂದಗಡ ಆ ಕಡೆಯೇ ಉಳಿದು ಕೊಲ್ಹಾಪುರ ಜಿಲ್ಲೆಗೆ ಸೇರಿತು. ಬೆಳಗಾವಿಯಿಂದ ಪಶ್ಚಿಮಕ್ಕೆ ಹೊರಟವರು ಶಿನೋಳಿ ದಾಟುತ್ತಿದ್ದಂತೆ ಅಂಗಡಿಯ ಫಲಕಗಳ ಲಿಪಿ ಬದಲಾಗುತ್ತದಲ್ಲ, ಆ ಗಡಿ ಹುಟ್ಟಿದ್ದು ಹೀಗೆ. 1952ರಲ್ಲಿ ಚಂದಗಡದವರೂ ಬೆಳಗಾವಿ ಜಿಲ್ಲೆಯ ಮತದಾರರೇ. 1957ರಲ್ಲಿ ಅವರ ಮತ ಬೇರೆ ರಾಜ್ಯದ ಲೆಕ್ಕಕ್ಕೆ ಹೋಯಿತು.

ಇಲ್ಲಿ ಇತಿಹಾಸ ಸಣ್ಣ ಚೇಷ್ಟೆ ಮಾಡಿದೆ. ಬೆಳಗಾವಿ ಉತ್ತರದ ಸದಸ್ಯ ದಾತಾರರು ಆಗ ಕೇಂದ್ರದಲ್ಲಿ ಗೃಹ ಖಾತೆಯ ಉಪಮಂತ್ರಿಗಳಾಗಿದ್ದವರು. ರಾಜ್ಯ ಪುನರ್ವಿಂಗಡಣೆಯ ಮಸೂದೆ ಬಂದದ್ದು ಗೃಹ ಖಾತೆಯಿಂದ, ಗೃಹಮಂತ್ರಿ ಗೋವಿಂದ ವಲ್ಲಭ ಪಂತರು. ಅಂದರೆ ತಮ್ಮ ಜಿಲ್ಲೆ ರಾಜ್ಯ ಬದಲಿಸುವ, ಅದರೊಂದು ತಾಲೂಕು ಕಡಿದುಹೋಗುವ ಕಾನೂನು ರೂಪುಗೊಂಡದ್ದು ಅವರದೇ ಖಾತೆಯಲ್ಲಿ.

ನವೆಂಬರ್ 1ರಿಂದ ಲೋಕಸಭೆ ವಿಸರ್ಜನೆಯಾದ 1957ರ ಏಪ್ರಿಲ್ 4ರವರೆಗಿನ ಐದು ತಿಂಗಳು ವಿಚಿತ್ರ ಅವಧಿ. ಮುಂಬಯಿ ರಾಜ್ಯದಿಂದ ಗೆದ್ದ ಈ ಭಾಗದ ಸಂಸದರು ದಿಲ್ಲಿಯಲ್ಲಿ ಅದೇ ಸದಸ್ಯರಾಗಿ ಮುಂದುವರಿದರು, ಆದರೆ ಈಗ ಅವರು ಮೈಸೂರು ರಾಜ್ಯದವರು. ಕ್ಷೇತ್ರ ಯಾವ ರಾಜ್ಯಕ್ಕೆ ಹೋಗುತ್ತದೋ ಅಲ್ಲಿಂದಲೇ ಆಯ್ಕೆಯಾದವರು ಎಂದು ಅವರನ್ನು ಭಾವಿಸತಕ್ಕದ್ದು ಎಂಬ ಏರ್ಪಾಡು ಪುನರ್ವಿಂಗಡಣೆಯ ಕಾನೂನಿನಲ್ಲಿಯೇ ಇತ್ತು. ಶಾಸಕರ ಪಾಲಿಗಂತೂ ಊರೇ ಬದಲಾಯಿತು. ಮುಂಬಯಿಯ ಸದನದಲ್ಲಿ ಕೂತಿದ್ದವರು ಬೆಂಗಳೂರಿಗೆ ಬಂದರು. ಹುನಗುಂದದಿಂದ ಗೆದ್ದಿದ್ದ ಎಸ್.ಆರ್. ಕಂಠಿಯವರು ಮುಂಬಯಿ ವಿಧಾನಸಭೆಯ ಉಪಸಭಾಧ್ಯಕ್ಷರಾಗಿದ್ದವರು, ಬೆಂಗಳೂರಿಗೆ ಬಂದು ವಿಶಾಲ ಮೈಸೂರಿನ ವಿಧಾನಸಭೆಯ ಸಭಾಧ್ಯಕ್ಷರಾದರು.

1957ರ ಚುನಾವಣೆ ಬಂದಾಗ ಹೊಸ ಮೈಸೂರು ರಾಜ್ಯಕ್ಕೆ 26 ಲೋಕಸಭಾ ಸ್ಥಾನ. ಬೆಳಗಾವಿ ಜಿಲ್ಲೆಯ ಪಟ್ಟಿಯಲ್ಲಿ ದಿಕ್ಕುಗಳು ಮಾಯವಾಗಿ ಊರುಗಳು ಬಂದವು: ಬೆಳಗಾವಿ ಮತ್ತು ಚಿಕ್ಕೋಡಿ. ಬೆಳಗಾವಿಯಿಂದ ದಾತಾರರೇ ಗೆದ್ದರು, 1962ರಲ್ಲೂ ಗೆದ್ದರು. 1963ರಲ್ಲಿ ಅವರು ತೀರಿಕೊಂಡ ಮೇಲೆ ಉಪಚುನಾವಣೆಯಲ್ಲಿ ಎಚ್.ವಿ. ಕೌಜಲಗಿಯವರು ಬಂದರು. ಚಿಕ್ಕೋಡಿಯ ಫಲಿತಾಂಶ ಎಲ್ಲರ ಹುಬ್ಬೇರಿಸಿತು. ಶೆಡ್ಯೂಲ್ಡ್ ಕಾಸ್ಟ್ಸ್ ಫೆಡರೇಷನ್ನಿನ ದತ್ತಾ ಅಪ್ಪಾ ಕಟ್ಟಿಯವರು ಅಲ್ಲಿ ಕಾಂಗ್ರೆಸ್ಸನ್ನು ಮಣಿಸಿದರು. ಅಂಬೇಡ್ಕರರು ಕಟ್ಟಿದ ಪಕ್ಷ ಅದು. ಅವರು ತೀರಿಕೊಂಡು ಆಗ ಕೆಲವೇ ತಿಂಗಳಾಗಿತ್ತು.

ಹಾಗಾದರೆ ಬೆಳಗಾವಿ ಉತ್ತರದ ವಾರಸುದಾರ ಯಾವುದು? ಉತ್ತರದಿಂದ ಗೆದ್ದ ದಾತಾರರು ಮುಂದುವರಿದದ್ದು ಬೆಳಗಾವಿಯಲ್ಲಿ. ಜಿಲ್ಲೆಯ ಉತ್ತರ ಭಾಗವಾದ ಚಿಕ್ಕೋಡಿ ಮಾತ್ರ ಹೊಸ ಹೆಸರಿನ ಬೇರೆ ಕ್ಷೇತ್ರ. ವ್ಯಕ್ತಿಯನ್ನು ಹಿಂಬಾಲಿಸಿದರೆ ಒಂದು ಉತ್ತರ, ನೆಲವನ್ನು ಹಿಂಬಾಲಿಸಿದರೆ ಇನ್ನೊಂದು. ಹೊಲ ಮರುಹಂಚಿಕೆಯಾದಾಗ ಬದು ಎತ್ತಿ ಬೇರೆ ಕಡೆ ಹಾಕಿದರೆ ಹಳೆಯ ಸರ್ವೆ ನಂಬರು ಹೊಸ ಯಾವ ಹೊಲಕ್ಕೂ ಸರಿಯಾಗಿ ಕೂಡುವುದಿಲ್ಲವಲ್ಲ, ಇದೂ ಹಾಗೆಯೇ. ಆದರೆ 1952ರಿಂದ ಇಂದಿನವರೆಗೆ ಎಂದು ಪಟ್ಟಿ ಮಾಡುವವರಿಗೆ ಒಂದು ಎಳೆ ಬೇಕು. ಅವರು ದಾತಾರರ ಹೆಸರು ಹಿಡಿದು ಉತ್ತರವನ್ನು ಬೆಳಗಾವಿಗೆ ಜೋಡಿಸುತ್ತಾರೆ. ಆಗ ನಷ್ಟವಾಗುವುದು ದಕ್ಷಿಣದ ಏಕೈಕ ಸದಸ್ಯ ಶಂಕರಗೌಡ ಪಾಟೀಲರಿಗೆ. ಅವರ ಹೆಸರನ್ನು ಬೆಳಗಾವಿಯ ಸಾಲಿನಲ್ಲಿ ಬರೆದರೆ ಒಂದೇ ಅವಧಿಗೆ ಇಬ್ಬರಾಗುತ್ತಾರೆ, ಚಿಕ್ಕೋಡಿಯ ಸಾಲಿನಲ್ಲಿ ಬರೆದರೆ ನಕಾಶೆಯೇ ಒಪ್ಪುವುದಿಲ್ಲ. ಪೂರ್ತಿ ಐದು ವರ್ಷ ಸಂಸದರಾಗಿದ್ದವರು ಪಟ್ಟಿಯ ಸಂದಿಯಲ್ಲಿ ಸಿಕ್ಕಿಬೀಳುತ್ತಾರೆ. ನನ್ನ ಮಟ್ಟಿಗೆ ಇದು ಬರೀ ಕೋಷ್ಟಕದ ಸಮಸ್ಯೆ ಅಲ್ಲ. ಪಟ್ಟಿ ನೋಡಿಯೇ ಇತಿಹಾಸ ಬರೆಯುವ ಕಾಲದಲ್ಲಿ, ಪಟ್ಟಿಯಲ್ಲಿಲ್ಲದವರು ಇತಿಹಾಸದಲ್ಲೂ ಇರುವುದಿಲ್ಲ.

ವಿಜಯಪುರದ ಕತೆ ಬೇರೆ ಥರ ಸಾಗಿತು. ಅಲ್ಲಿ ಉತ್ತರ, ದಕ್ಷಿಣ ಹೆಸರುಗಳು ರಾಜ್ಯ ಬದಲಾದರೂ ಉಳಿದವು, ಮೂರು ಮಹಾಚುನಾವಣೆ ಕಂಡವು. ಉತ್ತರದಲ್ಲಿ 1952ರಲ್ಲಿ ಕಾಂಗ್ರೆಸ್ಸಿನ ರಾಜಾರಾಮ ಗಿರಿಧರಲಾಲ ದುಬೆ ಗೆದ್ದರು. 1957ರಲ್ಲಿ ಪಕ್ಷೇತರ ಮುರಿಗೆಪ್ಪ ಸಿದ್ದಪ್ಪ ಸುಗಂಧಿ ಗೆದ್ದರು. 1962ರಲ್ಲಿ ಮತ್ತೆ ದುಬೆ. ದಕ್ಷಿಣದಲ್ಲಿ ಮೊದಲೆರಡು ಸಲ ರಾಮಪ್ಪ ಬಾಳಪ್ಪ ಬಿದರಿ, 1962ರಲ್ಲಿ ಸಂಗನಗೌಡ ಬಸನಗೌಡ ಪಾಟೀಲ. 1961ರ ಜನಗಣತಿಯ ನಂತರ ಮರುವಿಂಗಡಣೆ ಆಗಿ 1967ರಲ್ಲಿ ಇವೂ ಹೋದವು. ಉತ್ತರ ಇದ್ದಲ್ಲಿ ವಿಜಯಪುರ, ದಕ್ಷಿಣ ಇದ್ದಲ್ಲಿ ಬಾಗಲಕೋಟೆ ಬಂದವು. ಸಂಗನಗೌಡ ಪಾಟೀಲರು 1967ರಲ್ಲೂ 1971ರಲ್ಲೂ ಬಾಗಲಕೋಟೆಯಿಂದಲೇ ಗೆದ್ದರು. ಒಂದು ಮಾತು ಗಮನಿಸಿ: ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೂವತ್ತು ವರ್ಷ ಮೊದಲೇ ಲೋಕಸಭೆಗೆ ಅದು ಗೊತ್ತಿತ್ತು.

ಮೂರನೆಯದು ಮೀಸಲಾತಿ. ಇಲ್ಲಿ ಎಲ್ಲೆಗಿಂತ ಹೆಚ್ಚಾಗಿ ಬದಲಾಗುವುದು ಯಾರು ನಿಲ್ಲಬಹುದು ಎಂಬುದು. ಚಿಕ್ಕೋಡಿ 1967ರಿಂದ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಬಿ. ಶಂಕರಾನಂದರು ಅಲ್ಲಿಂದ 1967ರಿಂದ 1991ರವರೆಗೆ ಸತತ ಏಳು ಸಲ ಗೆದ್ದರು. ಒಂದು ಕ್ಷೇತ್ರ ಎಂದರೆ ಒಬ್ಬ ವ್ಯಕ್ತಿ ಎನ್ನುವಷ್ಟು. 2008ರ ಮರುವಿಂಗಡಣೆಯಲ್ಲಿ ಚಿಕ್ಕೋಡಿ ಸಾಮಾನ್ಯ ಕ್ಷೇತ್ರವಾಯಿತು, ವಿಜಯಪುರ ಮೀಸಲಾಯಿತು. ಪರಿಣಾಮ ನೋಡಬೇಕೆಂದರೆ ರಮೇಶ ಜಿಗಜಿಣಗಿಯವರ ದಾರಿ ನೋಡಿದರೆ ಸಾಕು. 1998, 1999, 2004ರಲ್ಲಿ ಚಿಕ್ಕೋಡಿಯಿಂದ ಗೆದ್ದವರು 2009ರಲ್ಲಿ ವಿಜಯಪುರಕ್ಕೆ ಬಂದರು, 2024ರವರೆಗೆ ನಾಲ್ಕೂ ಸಲ ಅಲ್ಲಿಂದಲೇ ಗೆದ್ದರು. ವಿಜಯಪುರವನ್ನು 1999 ಮತ್ತು 2004ರಲ್ಲಿ ಗೆದ್ದಿದ್ದ ಬಸನಗೌಡ ಪಾಟೀಲ ಯತ್ನಾಳರಿಗೆ ಆ ಬಾಗಿಲು ಮುಚ್ಚಿತು. ಇಬ್ಬರ ರಾಜಕೀಯದ ದಾರಿಯನ್ನೂ ಒಂದು ಗೆಜೆಟ್ ಆದೇಶ ತಿರುಗಿಸಿತು.

ಅದೇ ಆದೇಶದಲ್ಲಿ ಈ ಸೀಮೆಯ ಎಷ್ಟೋ ವಿಧಾನಸಭಾ ಹೆಸರುಗಳು ಹೋದವು. ಬೆಳಗಾವಿ ಕಡೆ ಉಚಗಾಂವ, ಸಂಕೇಶ್ವರ. ಬಾಗಲಕೋಟೆ ಕಡೆ ಗುಳೇದಗುಡ್ಡ. ವಿಜಯಪುರ ಕಡೆ ಬಳ್ಳೊಳ್ಳಿ, ಹೂವಿನ ಹಿಪ್ಪರಗಿ. ಸದಲಗಾ ಚಿಕ್ಕೋಡಿಯ ಜೊತೆ ಸೇರಿ ಚಿಕ್ಕೋಡಿ-ಸದಲಗಾ ಆಯಿತು, ತಿಕೋಟಾ ಇದ್ದಲ್ಲಿ ಬಬಲೇಶ್ವರ ಬಂತು. ತೇರದಾಳ, ಕುಡಚಿ, ಯಮಕನಮರಡಿ, ನಾಗಠಾಣ ಹೊಸದಾಗಿ ಹುಟ್ಟಿದವು. ಹೆಸರು ಹೋದ ಊರುಗಳಲ್ಲಿ ನಮ್ಮೂರು ಕ್ಷೇತ್ರ ಆಗಿತ್ತು ಎಂಬ ಹೆಮ್ಮೆ, ಬೇಸರ ಎರಡೂ ಇನ್ನೂ ಇವೆ. ಇದು ಬರೀ ಅಭಿಮಾನದ ಮಾತಲ್ಲ. ಕ್ಷೇತ್ರದ ಹೆಸರು ಹೊತ್ತ ಊರಿಗೆ ಶಾಸಕರ ಕಚೇರಿ, ಅಧಿಕಾರಿಗಳ ಸಭೆ, ಪ್ರಚಾರದ ದೊಡ್ಡ ಸಭೆ ಎಲ್ಲ ತಾನಾಗಿ ಬರುತ್ತವೆ.

ಇಂಥ ಆದೇಶವನ್ನು ಪ್ರಶ್ನಿಸಲು ಆಗುವುದಿಲ್ಲವೇ? ಹೆಚ್ಚೂಕಡಿಮೆ ಇಲ್ಲ. ಮೊದಲ ಸಲ ಸಂಸತ್ತೇ ಕೈಯಾಡಿಸಿದ ಅನುಭವದಿಂದ 1952ರಲ್ಲಿ ಬೇರೆ ಕಾಯ್ದೆ ಬಂದು ಸ್ವತಂತ್ರ ಆಯೋಗ ಹುಟ್ಟಿತು. ಅದರ ಮೊದಲ ಅಧ್ಯಕ್ಷರು ನ್ಯಾಯಮೂರ್ತಿ ಎನ್. ಚಂದ್ರಶೇಖರ ಅಯ್ಯರ್, 2008ರ ಆದೇಶ ಕೊಟ್ಟ ಆಯೋಗದವರು ನ್ಯಾಯಮೂರ್ತಿ ಕುಲದೀಪ್ ಸಿಂಗ್. ಪ್ರತಿ ರಾಜ್ಯದ ಐವರು ಸಂಸದರು, ಐವರು ಶಾಸಕರು ಆಯೋಗದ ಜೊತೆ ಕೂತು ಮಾತಾಡಬಹುದು, ಮತ ಹಾಕುವಂತಿಲ್ಲ. ಕರಡು ಪ್ರಕಟವಾದಾಗ ಸಾರ್ವಜನಿಕರು ಆಕ್ಷೇಪಣೆ ಸಲ್ಲಿಸಬಹುದು. ಅಂತಿಮ ಆದೇಶ ಗೆಜೆಟ್ಟಿನಲ್ಲಿ ಬಂದ ಮೇಲೆ ಅದೇ ಕಾನೂನು. ಸದನದ ಮುಂದೆ ಇಡುತ್ತಾರೆ, ತಿದ್ದುವಂತಿಲ್ಲ. ಸಂವಿಧಾನದ 329ನೇ ವಿಧಿ ನ್ಯಾಯಾಲಯದ ಬಾಗಿಲನ್ನೂ ಮುಚ್ಚಿದೆ. ಹಾಗಾಗಿ ತಕರಾರು ಇದ್ದವರು ಕರಡಿನ ಹಂತದಲ್ಲಿಯೇ ಎದ್ದು ನಿಲ್ಲಬೇಕು. ನಮ್ಮ ಕಡೆ ಹೆಚ್ಚಿನ ಜನಕ್ಕೆ ತಮ್ಮ ಕ್ಷೇತ್ರ ಬದಲಾದದ್ದು ಗೊತ್ತಾಗುವುದು ಪ್ರಚಾರದ ಗಾಡಿ ಬಾಗಿಲಿಗೆ ಬಂದಾಗ.

ಜಿಲ್ಲೆಯೇ ಬೇರೆ, ಕ್ಷೇತ್ರವೇ ಬೇರೆ ಎಂಬುದಕ್ಕೆ ಈಗಿನ ನಕಾಶೆಯೇ ಸಾಕ್ಷಿ. ಬೆಳಗಾವಿ ಜಿಲ್ಲೆಯಲ್ಲಿ 18 ವಿಧಾನಸಭಾ ಕ್ಷೇತ್ರಗಳಿವೆ. ಎಂಟು ಬೆಳಗಾವಿ ಲೋಕಸಭೆಗೆ, ಎಂಟು ಚಿಕ್ಕೋಡಿಗೆ. ಉಳಿದ ಎರಡು, ಖಾನಾಪುರ ಮತ್ತು ಕಿತ್ತೂರು, ಉತ್ತರ ಕನ್ನಡ ಲೋಕಸಭಾ ಕ್ಷೇತ್ರದಲ್ಲಿವೆ. ಕಿತ್ತೂರಿನ ರೈತನಿಗೆ ಜಿಲ್ಲಾಧಿಕಾರಿ ಕಚೇರಿ ಬೆಳಗಾವಿಯಲ್ಲಿ, ಅವನ ಸಂಸದರ ಕ್ಷೇತ್ರ ಮಾತ್ರ ಘಟ್ಟ ಇಳಿದು ಕಾರವಾರ, ಭಟ್ಕಳದ ಕಡಲತೀರದವರೆಗೆ. ಮಳೆ ಕೈಕೊಟ್ಟ ಜೋಳದ ಹೊಲದ ಅಹವಾಲೂ ಮೀನುಗಾರರ ಬಂದರಿನ ಅಹವಾಲೂ ಒಬ್ಬರ ಬಳಿಗೇ ಹೋಗಬೇಕು. ಬಾಗಲಕೋಟೆಯದು ಇದರ ತಿರುವು. ಜಿಲ್ಲೆಯಲ್ಲಿರುವುದು ಏಳೇ ವಿಧಾನಸಭಾ ಕ್ಷೇತ್ರ, ಎಂಟನೆಯದಾಗಿ ಗದಗ ಜಿಲ್ಲೆಯ ನರಗುಂದವನ್ನು ತಂದು ಕೂಡಿಸಿದ್ದಾರೆ. ಎಂಟು ವಿಧಾನಸಭಾ ಕ್ಷೇತ್ರ ಸೇರಿ ಒಂದು ಲೋಕಸಭಾ ಕ್ಷೇತ್ರ ಎಂಬ ಲೆಕ್ಕ ಕೂಡಬೇಕಾದರೆ ಎಲ್ಲೋ ಒಂದು ಕಡೆ ಜಿಲ್ಲೆಯ ಗೆರೆ ದಾಟಲೇಬೇಕು.

ಇಷ್ಟೆಲ್ಲ ಬದಲಾದರೂ ಒಂದು ಅಂಕಿ ಬಹಳ ಕಾಲದಿಂದ ಅಲ್ಲಾಡಿಲ್ಲ. 1967ರಲ್ಲಿ ರಾಜ್ಯದ ಲೋಕಸಭಾ ಸ್ಥಾನ 27 ಆಯಿತು, 1977ರಲ್ಲಿ 28. ಇಂದಿಗೂ 28. ತುರ್ತುಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿ, ರಾಜ್ಯವಾರು ಸ್ಥಾನಗಳನ್ನು 1971ರ ಜನಗಣತಿಗೆ ಕಟ್ಟಿಹಾಕಿತು. 84ನೇ ತಿದ್ದುಪಡಿ ಆ ಗಂಟನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದೂಡಿತು. 2008ರಲ್ಲಿ ಆದದ್ದು ಒಳಗಿನ ಗೆರೆಗಳ ಬದಲಾವಣೆ ಮಾತ್ರ, ಅದಕ್ಕೆ ಆಧಾರ 2001ರ ಜನಗಣತಿ. ಹಾಗಾಗಿ ಆ ಗಂಟು ಬಿಚ್ಚಿ ಮುಂದಿನ ಮರುವಿಂಗಡಣೆ ಬಂದಾಗ ಬೆಳಗಾವಿ ಜಿಲ್ಲೆಗೆ ಮೂರನೇ ಲೋಕಸಭಾ ಕ್ಷೇತ್ರ ಬರುತ್ತದೆಯೇ, ಖಾನಾಪುರ ಮತ್ತು ಕಿತ್ತೂರು ತಮ್ಮ ಜಿಲ್ಲೆಯ ಕ್ಷೇತ್ರಕ್ಕೆ ಮರಳುತ್ತವೆಯೇ, ವಿಜಯಪುರದ ಮೀಸಲಾತಿ ಮತ್ತೆ ಬೇರೆ ಕಡೆ ಸರಿಯುತ್ತದೆಯೇ ಎಂಬ ಮೂರೂ ಪ್ರಶ್ನೆ ಒಟ್ಟಿಗೇ ಎದುರಾಗುತ್ತವೆ. ಆ ಕರಡು ಪ್ರಕಟವಾದ ದಿನ ಆಕ್ಷೇಪಣೆಗೆ ಕೊಟ್ಟ ಕೊನೆಯ ತಾರೀಖನ್ನು ಮೊದಲು ನೋಡಿಕೊಳ್ಳಬೇಕು.